ಎರಡು ವರ್ಷದ ಬಾಸೆಲ್: ಬಿಡಾರ ಸಾಕೇ, ಒಕ್ಕಲಾಗಬೇಕೇ?

ಪ್ರಶ್ನೆ: ಮೂಡುಬಿದಿರೆಯವಳು

ಎಲ್ಲರಿಗೂ ನಮಸ್ಕಾರ. ಕೊಣಾಜೆಯಲ್ಲಿ ಜೀವರಸಾಯನಶಾಸ್ತ್ರದ ಪಿಎಚ್‌.ಡಿ. ಮುಗಿಸಿ ಎಂಟು ತಿಂಗಳಾಯಿತು. ಈಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಯೋಗಾಲಯವೊಂದರಿಂದ ಪೋಸ್ಟ್‌ಡಾಕ್ ಹುದ್ದೆಯ, ಅಂದರೆ ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಯ, ಪತ್ರ ಬಂದಿದೆ. ಕರಾರು ಎರಡು ವರ್ಷದ್ದು. ಅನುದಾನ ದೊರೆತರೆ ಇನ್ನೊಂದು ವರ್ಷ ಮುಂದುವರಿಸಬಹುದೆಂದು ಅಲ್ಲಿಯ ಪ್ರಾಧ್ಯಾಪಕರು ಬಾಯಿಮಾತಿನಲ್ಲಿ ಹೇಳಿದ್ದಾರೆ, ಕಾಗದದಲ್ಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೆಲಸಕ್ಕೆ ಸೇರಬೇಕು.

ಕೆಲಸದ ವಿಷಯದಲ್ಲಿ ನನಗೆ ಅಳುಕಿಲ್ಲ. ಹೊರಗೆ ಏಪ್ರಿಲ್ ತಿಂಗಳ ಸೆಕೆ ಸುಡುತ್ತಿರುವಾಗ ನಾಲ್ಕು ಡಿಗ್ರಿಯ ಶೀತಲ ಕೋಣೆಯಲ್ಲಿ ಸ್ವೆಟರು ತೊಟ್ಟು, ಪ್ರೋಟೀನು ಹನಿಹನಿಯಾಗಿ ಇಳಿಯುವುದನ್ನು ಕಾದು ಕುಳಿತು ಐದು ವರ್ಷ ಕಳೆದವಳು ನಾನು. ಅದೇ ಕೆಲಸವನ್ನು ಅಲ್ಲಿ ಇನ್ನೂ ಒಳ್ಳೆಯ ಯಂತ್ರಗಳಲ್ಲಿ ಮಾಡಲಿಕ್ಕಿದೆ, ಅಷ್ಟೇ. ಗೊಂದಲವಿರುವುದು ಊರಿನ ವಿಷಯದಲ್ಲಿ. ನಮ್ಮ ಹಳೆಯ ಮನೆಯ ಮಾಡಿನಿಂದ ಇಳಿಸಿಟ್ಟ ಹೆಂಚುಗಳ ಬೆನ್ನಲ್ಲಿ 'ಬಾಸೆಲ್ ಮಿಷನ್' ಎಂಬ ಅಚ್ಚು ಇದೆ. ಮನೆಯವರಿಗೆ ಆ ಊರಿನ ಬಗ್ಗೆ ತಿಳಿದಿರುವುದು ಅಷ್ಟು. ನನಗೆ ತಿಳಿದಿರುವುದೂ ಅದಕ್ಕಿಂತ ಬಹಳ ಹೆಚ್ಚೇನಲ್ಲ.

ನನ್ನ ಯಜಮಾನರು ಮಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಸಂಬಳವಿಲ್ಲದ ರಜೆ ಕೇಳಿದರೆ ಸಿಗಬಹುದು, ಆದರೆ ಬಡ್ತಿ ಹಿಂದೆ ಬೀಳುತ್ತದೆ. 'ಎರಡು ಆಟಿ ಕಳೆದರೆ ಮುಗಿಯಿತಲ್ಲ, ಒಬ್ಬಳೇ ಹೋಗಿ ಬಾ, ಅವನ ಕೆಲಸಕ್ಕೆ ಯಾಕೆ ಕಲ್ಲು ಹಾಕುತ್ತಿ' ಎನ್ನುತ್ತಾರೆ ಅತ್ತೆಯವರು. ನನಗಿಂತ ಮೊದಲು ವಿದೇಶಕ್ಕೆ ಹೋದ ಗೆಳತಿಯ ಸಲಹೆಯೂ ಹೆಚ್ಚುಕಡಿಮೆ ಅದೇ: ಸಾಮಾನು ಸಹಿತ ಸಿಗುವ ಒಂದು ಕೋಣೆ ಹಿಡಿ, ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಬೇಡ, ಎರಡು ಒಳ್ಳೆಯ ಪ್ರಬಂಧ ಮಾಡಿಕೊಂಡು ಹೊರಡು. ನನ್ನ ಗೈಡ್ ಮಾತ್ರ 'ಹೋದ ಊರಿನಲ್ಲಿ ಒಕ್ಕಲಾಗದವರಿಗೆ ಕೆಲಸವೂ ಹತ್ತುವುದಿಲ್ಲ' ಎಂದು ಒಂದೇ ಮಾತು ಹೇಳಿ ಸುಮ್ಮನಾದರು.

ಇವರಲ್ಲಿ ಯಾರ ಮಾತನ್ನು ಕೇಳಲಿ? ಮನೆ ಹಿಡಿಯಬೇಕೇ, ಕೋಣೆ ಸಾಕೇ? ಯಜಮಾನರು ಜೊತೆಯಲ್ಲೇ ಬರುವುದೇ, ಆಮೇಲೆಯೇ, ಬಾರದೇ ಇರುವುದೇ? ಪ್ರಯೋಗಾಲಯದಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತದೆಯಂತೆ. ಹಾಗಿರುವಾಗ ಎರಡು ವರ್ಷಕ್ಕಾಗಿ ಜರ್ಮನ್ ಕಲಿಯುವುದೆಂದರೆ ಮಳೆಗಾಲ ಮುಗಿಯುವ ಹೊತ್ತಿಗೆ ಕೊಡೆ ಕೊಂಡಂತಾಗುವುದಿಲ್ಲವೇ? ಅಲ್ಲಿ ಇದ್ದು ಬಂದವರು ತಿಳಿಸಿದರೆ ಉಪಕಾರವಾದೀತು.

ಉತ್ತರ 1: ಮಣಿಪಾಲದಿಂದ

ನಾನು ಬಾಸೆಲಿನಲ್ಲಿ ನಾಲ್ಕೂವರೆ ವರ್ಷ ಇದ್ದವನು. ಈಗ ಮಣಿಪಾಲದಲ್ಲಿ ಪಾಠ ಮಾಡುತ್ತಿದ್ದೇನೆ. ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಆರಂಭದ ಮೂರು ತಿಂಗಳ ಮಟ್ಟಿಗೆ ಬಿಡಾರವೋ ಒಕ್ಕಲೋ ಎಂಬ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ, ಕಾಗದಪತ್ರಗಳ ಕೈಯಲ್ಲಿ ಇರುತ್ತದೆ.

ಊರಿಗೆ ಬಂದ 14 ದಿನಗಳೊಳಗೆ, ಅದೂ ಕೆಲಸ ಶುರುಮಾಡುವ ಮೊದಲು, ನಿವಾಸಿಗಳ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಹೆಸರು ಬರೆಸಲು ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು. ಮನೆ ಬಾಡಿಗೆಗೆ ಕೊಡುವವರು, ನಿಮ್ಮ ಮೇಲೆ ಸಾಲ ವಸೂಲಿಯ ಪ್ರಕರಣಗಳಿಲ್ಲವೆಂಬ ಸರಕಾರಿ ಪತ್ರ ಕೇಳುತ್ತಾರೆ. ಅದಕ್ಕೆ ಬೆಟ್ರೈಬುಂಗ್ಸ್‌ಔಸ್‌ತ್ಸುಗ್ ಎಂದು ಹೆಸರು, ಉಚ್ಚರಿಸಲು ಕಲಿಯುವಷ್ಟರಲ್ಲಿ ಮನೆ ಬೇರೆಯವರ ಪಾಲಾಗಿರುತ್ತದೆ. ವಿಮಾನದಿಂದ ಇಳಿದು ನಾಲ್ಕು ದಿನವಾದವರ ಬಳಿ ಅದು ಎಲ್ಲಿಂದ ಬರಬೇಕು? ಹಾಗಾಗಿ ಮೊದಲ ಮೂರು ತಿಂಗಳಿಗೆ ಸಾಮಾನು ಸಹಿತವಾದ ಕೋಣೆಯನ್ನು ಒಳಬಾಡಿಗೆಗೆ ಹಿಡಿಯುವುದೇ ದಾರಿ. 'ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದೇ' ಎಂದು ಮೊದಲೇ ಬರಹದಲ್ಲಿ ಕೇಳಿ. ಹಿಂದೇಟು ಹಾಕುವವರ ಕೋಣೆ ಎಷ್ಟು ಅಗ್ಗವಾದರೂ ಬೇಡ. ನಿಮ್ಮ ಕರಾರು ಒಂದು ವರ್ಷಕ್ಕಿಂತ ದೀರ್ಘವಾದುದರಿಂದ ವಾಸದ ಪರವಾನಗಿ ಸಾಮಾನ್ಯವಾಗಿ 'ಬಿ' ವರ್ಗದ್ದು ಸಿಗುತ್ತದೆ.

ಆರೋಗ್ಯವಿಮೆಯನ್ನು ಬಂದ ಮೂರು ತಿಂಗಳೊಳಗೆ ಮಾಡಿಸಬೇಕೆಂದು ನಿಯಮ. ಅದನ್ನು ಓದಿ ನಾನು ಮೂರನೆಯ ತಿಂಗಳವರೆಗೆ ಸುಮ್ಮನಿದ್ದು, ಅಷ್ಟು ಕಂತು ಉಳಿಯಿತೆಂದು ಸಂತೋಷಪಟ್ಟಿದ್ದೆ. ಆದರೆ ವಿಮೆ ಜಾರಿಯಾಗುವುದು ಆ ದೇಶದಲ್ಲಿ ವಾಸ ಆರಂಭಿಸಿದ ದಿನದಿಂದ. ಕಂತಿನ ಲೆಕ್ಕವೂ ಅಂದಿನಿಂದಲೇ. ಮೂರು ತಿಂಗಳದ್ದನ್ನು ಒಟ್ಟಿಗೆ ಕಟ್ಟಿದೆ. ವರ್ಷದಲ್ಲಿ ಮೊದಲು ನಿಮ್ಮ ಕೈಯಿಂದಲೇ ಭರಿಸಬೇಕಾದ ಮೊತ್ತವನ್ನು 300ರಿಂದ 2500 ಫ್ರಾಂಕುಗಳ ನಡುವೆ ನೀವೇ ಆರಿಸಿಕೊಳ್ಳಬೇಕು, ಅದು ಏರಿದಷ್ಟು ತಿಂಗಳ ಕಂತು ಇಳಿಯುತ್ತದೆ. ಅದರ ಮೇಲಿನ ವೆಚ್ಚದಲ್ಲಿಯೂ ಶೇಕಡಾ 10ರಷ್ಟು, ವರ್ಷಕ್ಕೆ 700 ಫ್ರಾಂಕ್ ಮುಟ್ಟುವವರೆಗೆ, ನಿಮ್ಮದೇ. ಸಾಮಾನ್ಯ ಹಲ್ಲಿನ ಚಿಕಿತ್ಸೆ ಈ ವಿಮೆಯೊಳಗೆ ಬರುವುದಿಲ್ಲ. ಹುಳುಕು ಹಲ್ಲಿದ್ದರೆ ಮಂಗಳೂರಿನಲ್ಲೇ ತುಂಬಿಸಿಕೊಂಡು ಹೊರಡಿ. ನಗಬೇಡಿ, ಇದು ಇಡೀ ಪತ್ರದಲ್ಲಿ ನಿಮಗೆ ಹೆಚ್ಚು ಹಣ ಉಳಿಸುವ ವಾಕ್ಯವಾದೀತು.

ಇನ್ನು ಪೆಟ್ಟಿಗೆ ಬಿಚ್ಚದೆ ಇರುವ ವಿಚಾರ. ನನ್ನದೂ ಎರಡು ವರ್ಷದ ಕರಾರೇ ಆಗಿತ್ತು, ನನಗೂ ಅದೇ ಉಪದೇಶ ಸಿಕ್ಕಿತ್ತು. ಅಲ್ಲಿಯ ಕಟ್ಟಡಗಳಲ್ಲಿ ಬಹುಪಾಲು ಮನೆಗಳಿಗೆ ಪ್ರತ್ಯೇಕ ಸಂಖ್ಯೆಯಿಲ್ಲ. ಕಟ್ಟಡಕ್ಕೆ ಒಂದು ಸಂಖ್ಯೆ, ಒಳಗಿರುವವರಿಗೆ ಅಂಚೆಪೆಟ್ಟಿಗೆಯ ಮೇಲಿನ ಹೆಸರೇ ಗುರುತು. ನಾನಿದ್ದ ಕೋಣೆಯ ಅಂಚೆಪೆಟ್ಟಿಗೆಯಲ್ಲಿ ಮೂಲ ಬಾಡಿಗೆದಾರನ ಹೆಸರು ಲೋಹದ ತಗಡಿನಲ್ಲಿ ಕೆತ್ತಿಸಿತ್ತು. ಮೂರು ದಿನದ ಬಿಡಾರಕ್ಕೆ ನನ್ನ ಹೆಸರು ಯಾಕೆಂದು ನಾನು ಏನೂ ಅಂಟಿಸಲಿಲ್ಲ. ಪರಿಣಾಮವಾಗಿ ಪರವಾನಗಿಯ ಪತ್ರ, ವಿಮೆಯ ಪತ್ರ, ಬ್ಯಾಂಕ್ ಕಾರ್ಡಿನ ಗುಪ್ತಸಂಖ್ಯೆ, ಎಲ್ಲವೂ ಒಂದರ ಹಿಂದೆ ಒಂದು ಕಳುಹಿಸಿದವರಿಗೇ ಮರಳಿದವು. ತಪ್ಪು ಅಂಚೆಯವರದ್ದಲ್ಲ, ಆ ವಿಳಾಸದಲ್ಲಿ ಅಂಥ ಹೆಸರಿನವನು ಇರಲೇ ಇಲ್ಲ. ನವೆಂಬರಿನ ಒಂದು ಶುಕ್ರವಾರ ಸಂಬಳ ಖಾತೆಗೆ ಬಿದ್ದಿದ್ದರೂ ಕೈಯಲ್ಲಿ ಕಾಸಿಲ್ಲದೆ ಪ್ರಯೋಗಾಲಯದ ತಂತ್ರಜ್ಞೆಯ ಬಳಿ 100 ಫ್ರಾಂಕ್ ಸಾಲ ಕೇಳಿದೆ. ಆಕೆ ಕಾರಣ ಕೇಳಿ, ಹಣದ ಜೊತೆಗೆ, ನಾವು ಮೈನಸ್ 80 ಡಿಗ್ರಿಯ ಫ್ರೀಜರಿನ ಟ್ಯೂಬುಗಳಿಗೆ ಹಚ್ಚುವ ಅಂಟುಚೀಟಿಯ ಒಂದು ಪಟ್ಟಿಯನ್ನೂ, ಅಳಿಸದ ಮಸಿಯ ಪೆನ್ನನ್ನೂ ಕೊಟ್ಟಳು. ಆ ಚೀಟಿ ಆಮೇಲೆ ಮನೆ ಬದಲಿಸುವವರೆಗೂ ಬಿಡಲಿಲ್ಲ.

ಮೂರು ತಿಂಗಳ ಕೋಣೆಯ ನಂತರ ಸ್ವಂತ ಬಾಡಿಗೆಮನೆ ಹಿಡಿಯಿರಿ ಎಂಬುದೇ ನನ್ನ ಅಭಿಪ್ರಾಯ. ಠೇವಣಿ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಅದು ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇರುತ್ತದೆ. ಬೀಗದಕೈ ಪಡೆಯುವ ದಿನ ಮನೆಯ ಪ್ರತಿಯೊಂದು ಗೀರು, ಕಲೆ, ಮೊಳೆಯ ತೂತನ್ನು ಪಟ್ಟಿಮಾಡಿ ಇಬ್ಬರೂ ಸಹಿ ಹಾಕುವ ಕ್ರಮವಿದೆ. ಆ ದಿನ ನಾಚಿಕೆ ಪಡದೆ ಎಲ್ಲವನ್ನೂ ಬರೆಸಿ, ಇಲ್ಲವಾದರೆ ಬಿಡುವ ದಿನ ಅವೆಲ್ಲ ನಿಮ್ಮ ತಲೆಗೆ ಬರುತ್ತವೆ.

ಕೆಲಸ ಬೇರೆ, ಊರು ಬೇರೆ ಎಂಬ ಲೆಕ್ಕವೂ ನನಗೆ ಸರಿಕಾಣುವುದಿಲ್ಲ. ನಮ್ಮ ಕ್ಷೇತ್ರದ ಹಿರಿಯ ಫ್ರೀಡ್ರಿಶ್ ಮೀಶರ್ ಬಾಸೆಲಿನಲ್ಲಿ ಹುಟ್ಟಿದವರು. 1869ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಕೀವಿನ ಜೀವಕೋಶಗಳಿಂದ ನ್ಯೂಕ್ಲೀನನ್ನು, ಅಂದರೆ ನಾವು ಇಂದು ಡಿಎನ್‌ಎ ಎನ್ನುವುದನ್ನು, ಮೊದಲು ಬೇರ್ಪಡಿಸಿದವರು. ಬಾಸೆಲಿಗೆ ಮರಳಿದಾಗ ಅವರ ಕೈಗೆ ಸಿಕ್ಕಿದ್ದು ಆಗ ರೈನ್ ನದಿಯಲ್ಲಿ ಹತ್ತಿಬರುತ್ತಿದ್ದ ಸಾಲ್ಮನ್ ಮೀನು. ಅದರ ವೀರ್ಯಾಣುಗಳಲ್ಲಿ ಕೋಶಕೇಂದ್ರವೇ ಹೆಚ್ಚಿನ ಪಾಲು, ಹಾಗಾಗಿ ಅವರಿಗೆ ಅದಕ್ಕಿಂತ ಒಳ್ಳೆಯ ಕಚ್ಚಾವಸ್ತು ಇರಲಿಲ್ಲ. ಮಾದರಿ ಕೆಡದಿರಲೆಂದು ಚಳಿಗಾಲದ ನಸುಕಿನಲ್ಲಿ ಬಿಸಿಯಿಲ್ಲದ ಕೋಣೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಸೆಕೆಯ ನಾಡಿನಿಂದ ಶೀತಲ ಕೋಣೆಗೆ ಹೋಗಿ ಅಭ್ಯಾಸವಿರುವ ನಿಮಗೆ ಅದು ಅರ್ಥವಾದೀತು.

ಉತ್ತರ 2: ಸುರತ್ಕಲ್ ಕಡೆಯವ

ಮೇಲಿನವರು ನಾಲ್ಕೂವರೆ ವರ್ಷ ಇದ್ದವರು, ಆದುದರಿಂದ ಅವರಿಗೆ ಮನೆ ಹಿಡಿದದ್ದು ಸಾರ್ಥಕವಾಯಿತು. ನಾನು ಮೂರನೆಯ ದೇಶದಲ್ಲಿ ಮೂರನೆಯ ಪೋಸ್ಟ್‌ಡಾಕ್ ಮಾಡುತ್ತಿರುವವನು, ಬಾಸೆಲಿನಲ್ಲಿ ಇದ್ದದ್ದು ಕರಾರಿನಂತೆ ಎರಡೇ ವರ್ಷ. ನನ್ನ ಲೆಕ್ಕ ಬೇರೆ ಇದೆ.

24 ತಿಂಗಳನ್ನು 24 ತಿಂಗಳೆಂದು ತಿಳಿಯಬೇಡಿ. ಮೊದಲ ನಾಲ್ಕೈದು ತಿಂಗಳು ಕಾಗದಪತ್ರಕ್ಕೂ ಹೊಸ ಯಂತ್ರಗಳ ಕೈಹಿಡಿತಕ್ಕೂ ಹೋಗುತ್ತವೆ. ಕೊನೆಯ ಆರು ತಿಂಗಳು ಮುಂದಿನ ಕೆಲಸದ ಅರ್ಜಿಗಳಿಗೆ ಹೋಗುತ್ತವೆ. ನಡುವೆ ಉಳಿಯುವ ಒಂದು ವರ್ಷ ಚಿಲ್ಲರೆಯಲ್ಲಿ ಪ್ರಬಂಧ ಆಗಬೇಕು. ಈ ಅವಧಿಯಲ್ಲಿ ಮೇಜು, ಮಂಚ, ಕಪಾಟು ಕೊಂಡು ಜೋಡಿಸಿ, ಮತ್ತೆ ಅವನ್ನೇ ಅರ್ಧ ಬೆಲೆಗೂ ಕೊಳ್ಳುವವರಿಲ್ಲದೆ ಬಿಟ್ಟು ಬರುವುದು ಜಾಣತನವೆಂದು ನನಗೆ ತೋರುವುದಿಲ್ಲ. ಬಾಡಿಗೆ ಬಿಡಬೇಕಾದರೆ ಸಾಮಾನ್ಯವಾಗಿ ಮೂರು ತಿಂಗಳು ಮೊದಲು ತಿಳಿಸಬೇಕು, ಬಿಡುವ ಮೊದಲು ಒಲೆಯ ಒಳಮೈಯನ್ನು ಹೊಸತರಂತೆ ಉಜ್ಜಿ ಕೊಡಬೇಕು. ಯುರೋಪಿನಲ್ಲಿ ಹಲಸಿನ ಎಲೆ ಹುಡುಕಿ ಕೊಟ್ಟೆ ಕಡುಬು ಬೇಯಿಸಲು ಇಡೀ ಶನಿವಾರ ಕಳೆದು, ಸೋಮವಾರ ಫಲಿತಾಂಶವಿಲ್ಲದೆ ಸಭೆಗೆ ಬರುವವರನ್ನೂ ನಾನು ಕಂಡಿದ್ದೇನೆ.

ನೀವು ತುರ್ತಾಗಿ ಗಮನಿಸಬೇಕಾದ ಒಂದು ಸಂಗತಿಯನ್ನು ಯಾರೂ ಹೇಳಿಲ್ಲ. ಯುರೋಪಿನ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ಪಿಗೆ ಒಂದು ಷರತ್ತಿದೆ: ಅರ್ಜಿಯ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ, ನೀವು ಕೆಲಸಮಾಡಲಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಾಗಿರಬಾರದು. ಅಂದರೆ ಬಾಸೆಲಿಗೆ ಹೋಗಿ, ಊರು ಹೊಂದಿಕೊಳ್ಳಲಿ ಎಂದು ಒಂದೂವರೆ ವರ್ಷ ಕಾದು, ಆಮೇಲೆ ಸ್ವಿಟ್ಜರ್ಲೆಂಡಿನ ಪ್ರಯೋಗಾಲಯಕ್ಕಾಗಿ ಅರ್ಜಿ ಹಾಕಹೊರಟರೆ ಬಾಗಿಲು ಮುಚ್ಚಿರುತ್ತದೆ. ಮೂರನೆಯ ವರ್ಷದ ಬಾಯಿಮಾತಿನ ಭರವಸೆಯನ್ನು ನಂಬಿ ಕೂರುವ ಬದಲು, ಹೋದ ಮೊದಲ ವಾರದಲ್ಲೇ ಇಂಥ ಅವಧಿಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತುಹಾಕಿ. ಭಾರತಕ್ಕೆ ಮರಳುವ ಮನಸ್ಸಿದ್ದರೆ ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್ಪನ್ನೂ ಕಣ್ಣಿಟ್ಟು ನೋಡುತ್ತಿರಿ.

ಹಣದ ವಿಷಯದಲ್ಲಿ ಎರಡು ಮಾತು. 8ನೆಯ ಸಂಖ್ಯೆಯ ಟ್ರಾಮ್ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಊರಿಗೆ ಹೋಗುತ್ತದೆ, ಸಾಮಾನು ಅಲ್ಲಿ ಅಗ್ಗ. 2025ರ ಜನವರಿಯಿಂದ ದಿನಕ್ಕೆ ಒಬ್ಬರಿಗೆ 150 ಫ್ರಾಂಕಿನವರೆಗೆ ಮಾತ್ರ ತೆರಿಗೆಯಿಲ್ಲದೆ ತರಬಹುದು, ಮೊದಲು ಅದು 300 ಇತ್ತು. ಬಾಡಿಗೆಯೂ ಅಲ್ಲಿ ಕಡಿಮೆಯೆಂದು ಅಲ್ಲೇ ಮನೆ ಹಿಡಿಯುವ ಆಸೆ ಮಾತ್ರ ಬೇಡ. ನಮ್ಮ ಪಾಸ್‌ಪೋರ್ಟಿನವರಿಗೆ ಸ್ವಿಟ್ಜರ್ಲೆಂಡಿನ ವಾಸದ ಪರವಾನಗಿಯಲ್ಲಿ ಜರ್ಮನಿಯಲ್ಲಿ ಸಂಸಾರ ಹೂಡಲು ಬರುವುದಿಲ್ಲ. ಇನ್ನೊಂದು, ಸಂಬಳದಿಂದ ತಿಂಗಳು ತಿಂಗಳು ಕಡಿತವಾಗುವ ಪಿಂಚಣಿ ನಿಧಿ, ಅಲ್ಲಿಯವರು 'ಎರಡನೆಯ ಕಂಬ' ಎನ್ನುವುದು, ಶಾಶ್ವತವಾಗಿ ಭಾರತಕ್ಕೆ ಮರಳುವಾಗ ನಗದಾಗಿ ಹಿಂಪಡೆಯಲು ಬರುತ್ತದೆ. ಅದನ್ನು ಕೇಳದೆ ವಿಮಾನ ಹತ್ತಿದವರಿದ್ದಾರೆ.

ಉತ್ತರ 3: ಉಡುಪಿಯವಳು

ಇಬ್ಬರೂ ಪ್ರಯೋಗಾಲಯದ ಒಳಗಿನಿಂದ ಬರೆದಿದ್ದಾರೆ. ನಾನು ವಿಜ್ಞಾನಿಯಲ್ಲ, ವಿಜ್ಞಾನಿಯ ಹಿಂದೆ ಹೋದವಳು. ಬಾಸೆಲಿನಲ್ಲಿ ಆರು ವರ್ಷ ಇದ್ದೆ. ನಿಮ್ಮ ಮನೆಯಲ್ಲಿ ಹಿಂದೆ ಬರುವವರು ಯಜಮಾನರು ಎಂಬುದಷ್ಟೇ ವ್ಯತ್ಯಾಸ, ಆದರೆ ಹಗಲು ಎಲ್ಲರಿಗೂ ಅಷ್ಟೇ ಉದ್ದ.

ನಾನು ಹೋದದ್ದು ನವೆಂಬರಿನಲ್ಲಿ. ಅದು ನಾವು ಮಾಡಿದ ದೊಡ್ಡ ತಪ್ಪು. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟರವರೆಗೆ ಬೆಳಕು ಹರಿಯುವುದಿಲ್ಲ, ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ನಡುವಿನ ಹೊತ್ತಿನಲ್ಲಿಯೂ ಎಷ್ಟೋ ದಿನ ಮಂಜು. ನಮ್ಮವರು ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುತ್ತಿದ್ದರು. ಚಳಿಗಾಲದಲ್ಲಿ ನಮ್ಮೂರಿಗೂ ಅಲ್ಲಿಗೂ ನಾಲ್ಕೂವರೆ ಗಂಟೆಯ ಅಂತರ. ನಾನು ಮಧ್ಯಾಹ್ನದ ಊಟದ ಪಾತ್ರೆ ತೊಳೆದು ಮಾತಾಡಲು ಕುಳಿತರೆ ಉಡುಪಿಯಲ್ಲಿ ಅಮ್ಮ ದೇವರ ದೀಪ ಹಚ್ಚುವ ಗಡಿಬಿಡಿಯಲ್ಲಿರುತ್ತಿದ್ದರು. ಆದುದರಿಂದ ನಿಮ್ಮ ಯಜಮಾನರು ಬರುವುದಾದರೆ ಮಾರ್ಚ್ ಕೊನೆಗೆ ಬರಲಿ. ಅಷ್ಟರಲ್ಲಿ ನಿಮಗೆ ಮನೆಯೂ ಆಗಿರುತ್ತದೆ, ಹೊಳೆಬದಿಯಲ್ಲಿ ಜನರೂ ಕಾಣಿಸಿಕೊಳ್ಳುತ್ತಾರೆ.

ನಮ್ಮ ಮನೆ ರೈನಿನ ಆಚೆ ದಡದ ಕ್ಲೈನ್‌ಬಾಸೆಲಿನಲ್ಲಿ ಇತ್ತು. ಹತ್ತಿರದಲ್ಲಿ ಶ್ರೀಲಂಕಾದ ತಮಿಳರ ಒಂದು ಅಂಗಡಿ. ಆ ದೇಶದಲ್ಲಿ ಅವರು ಬಹಳ ಮಂದಿ ಇದ್ದಾರೆ, ಬಹುತೇಕರು 1980ರ ದಶಕದಿಂದೀಚೆ ಯುದ್ಧದ ಕಾರಣ ಬಂದವರು. ಒಂದು ದಿನ ಅಲ್ಲಿ ಕೆಂಪಕ್ಕಿಯ ಚೀಲ ಕಂಡು ಕೈಗೆ ಹತ್ತು ಕಾಳು ಹಾಕಿ ನೋಡಿದೆ. ಮೈಮೇಲೆ ಕೆಂಪು ಗೆರೆಗಳಿದ್ದ, ಬೇಯಿಸಿ ಒಣಗಿಸಿದ ದಪ್ಪ ಕಾಳು. ನಮ್ಮ ಕುಚ್ಚಲಕ್ಕಿಯ ಖಾಸಾ ತಂಗಿ. ಗಂಜಿ ಬೇಯಲು ನಮ್ಮದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು, ತೆಳಿ ಮಾತ್ರ ಅದೇ ಬಣ್ಣ. ಅಂದು ರಾತ್ರಿ ನಮ್ಮವರು ಎರಡು ಬಟ್ಟಲು ಉಂಡು, ಮೊದಲ ಬಾರಿಗೆ, ಪ್ರಯೋಗಾಲಯದ ಸುದ್ದಿ ಎತ್ತದೆ ಮಲಗಿದರು. ಸುರತ್ಕಲಿನವರು ಕಡುಬಿನ ಶನಿವಾರವನ್ನು ನಷ್ಟದ ಬಾಬತ್ತಿಗೆ ಹಾಕಿದ್ದಾರೆ. ನನ್ನ ಖಾತೆಪುಸ್ತಕದಲ್ಲಿ ಅದು ಬೇರೆ ಕಡೆ ಬರುತ್ತದೆ.

ಜರ್ಮನ್ ಕಲಿಯಬೇಕೇ ಎಂದು ಕೇಳಿದ್ದೀರಿ. ಪ್ರಯೋಗಾಲಯಕ್ಕೆ ಬೇಡ, ಮನೆಗೆ ಬೇಕು. ಕಸ ಹಾಕುವುದಕ್ಕೂ ಅಲ್ಲಿ ಓದು ಬೇಕು: ನಗರದ ನೀಲಿ ಚೀಲ, ಅದಕ್ಕೆ 'ಬೆಬ್ಬಿ ಸಾಗ್' ಎನ್ನುತ್ತಾರೆ, ದುಡ್ಡು ಕೊಟ್ಟು ಕೊಂಡು ಅದರಲ್ಲೇ ಹಾಕಬೇಕು, ಬೇರೆ ಚೀಲದಲ್ಲಿ ಇಟ್ಟರೆ ಒಯ್ಯುವುದಿಲ್ಲ. ಹಳೆಯ ಪತ್ರಿಕೆಗಳನ್ನು ದಾರ ಸುತ್ತಿ ಕಟ್ಟಿ, ಗೊತ್ತಾದ ದಿನ ಮಾತ್ರ ಹೊರಗಿಡಬೇಕು. ಬಟ್ಟೆ ತೊಳೆಯುವ ಯಂತ್ರ ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಒಂದು, ಸರದಿಯ ಪಟ್ಟಿ ಗೋಡೆಯ ಮೇಲೆ. ಭಾನುವಾರ ತೊಳೆಯಬಾರದು, ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು. ಇವೆಲ್ಲವನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಚೀಟಿ ಬರೆದು ಅಂಟಿಸುತ್ತಾರೆ. ಚೀಟಿ ಓದಲು ಬಾರದವರು ಕೊಬ್ಬಿದವರೆಂದು ಅವರಿಗೆ ಅನಿಸುತ್ತದೆ. ಹೊಸದಾಗಿ ಬಂದವರಿಗೆ ಕ್ಯಾಂಟನ್ (ನಮ್ಮ ರಾಜ್ಯದಂಥದ್ದು) ಆಡಳಿತ ಒಂದು ಉಚಿತ ಜರ್ಮನ್ ಕೋರ್ಸಿನ ಚೀಟಿ ಕೊಡುತ್ತದೆ, ಅದನ್ನು ಮೊದಲ ವರ್ಷದಲ್ಲೇ ಬಳಸಿಕೊಳ್ಳಿ. ತರಗತಿಯಲ್ಲಿ ಕಲಿಸುವುದು ಪುಸ್ತಕದ ಜರ್ಮನ್, ಟ್ರಾಮಿನಲ್ಲಿ ಕೇಳಿಸುವುದು ಬಾಸೆಲಿನ ಆಡುಮಾತು, ಒಂದಕ್ಕೊಂದು ಅಷ್ಟಕ್ಕಷ್ಟೇ. ಬೇರೆ ಊರಿನವರು ಇದಕ್ಕೆ ಕಂಗಾಲಾಗುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ, ಮೀನಿನ ಮಾರುಕಟ್ಟೆಯಲ್ಲಿ ಬ್ಯಾರಿ ಕೇಳಿ ಬೆಳೆದ ನಮಗೆ ಇದರಲ್ಲಿ ಕಂಗಾಲಾಗುವಂಥದ್ದು ಏನಿದೆ?

ನದಿಗೆ ಐದಾರು ಸೇತುವೆಗಳಿದ್ದರೂ ನಾನು ದಾಟುತ್ತಿದ್ದದ್ದು ದೋಣಿಯಲ್ಲಿ. ಅದಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಇನ್ನೊಂದು ಹಗ್ಗದಿಂದ ತೂಗುಬಿಟ್ಟಿದ್ದಾರೆ. ಅಂಬಿಗ ಒಂದು ಹಿಡಿಕೆಯನ್ನು ಎಡದಿಂದ ಬಲಕ್ಕೆ ತಿರುಗಿಸಿದರೆ ದೋಣಿ ಓರೆಯಾಗಿ, ನೀರಿನ ಸೆಳೆತವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಅಜ್ಜಿಮನೆಗೆ ಹೋಗುವಾಗ ಸ್ವರ್ಣಾ ನದಿಯ ಕಡವಿನಲ್ಲಿ ಕೂಗು ಹಾಕಿ ದೋಣಿಗೆ ಕಾಯುತ್ತಿದ್ದವಳಿಗೆ ಆ ಊರಿನಲ್ಲಿ ಮೊದಲು ಸ್ವಂತವೆನಿಸಿದ ಜಾಗ ಆ ದೋಣಿಯ ಹಲಗೆ. ಎರಡನೆಯದು ಫಾಸ್‌ನಾಖ್ಟ್ ಹಬ್ಬ. ಬೂದಿ ಬುಧವಾರದ ನಂತರದ ಸೋಮವಾರ ನಸುಕಿನ ನಾಲ್ಕು ಗಂಟೆಗೆ ನಗರದ ಬೀದಿದೀಪಗಳನ್ನೆಲ್ಲ ಆರಿಸುತ್ತಾರೆ, ಕತ್ತಲಲ್ಲಿ ದೊಡ್ಡ ಬಣ್ಣದ ಲಾಂದ್ರಗಳು, ಮುಖವಾಡ, ಕೊಳಲು, ಡೋಲು. ಮಾರ್ನೆಮಿಯ ಹುಲಿವೇಷದ ತಾಸೆಯಷ್ಟು ಕಾವು ಆ ಡೋಲಿಗಿಲ್ಲವೆಂದು ನಾನು ಇಂದಿಗೂ ವಾದಿಸುತ್ತೇನೆ, ಆದರೂ ಪ್ರತಿವರ್ಷ ಹೋಗುತ್ತಿದ್ದೆ.

ಕೆಲಸದ ಮಾತು. 'ಬಿ' ಪರವಾನಗಿಯವರ ಸಂಗಾತಿಗೆ ಅಲ್ಲಿ ದುಡಿಯುವ ಹಕ್ಕಿದೆ. ಹಕ್ಕಿದ್ದರೂ ಭಾಷೆಯಿಲ್ಲದೆ ಕೆಲಸ ಸಿಗುವುದು ಕಷ್ಟ. ನನಗೆ ಎರಡು ವರ್ಷ ಕಳೆದ ಮೇಲೆ ಶಾಲೆಯೊಂದರಲ್ಲಿ ಮಕ್ಕಳ ಮಧ್ಯಾಹ್ನದ ಊಟ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮದುವೆಯ ನೋಂದಣಿಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಿಂದ ಈಗಲೇ ತೆಗೆಸಿ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ಹೊರದೇಶದಲ್ಲೂ ಒಪ್ಪುವ ದೃಢೀಕರಣ, ಹಾಕಿಸಿ. ಮದುವೆ ಮಂಟಪದ ರಶೀದಿ, ದೇವಸ್ಥಾನದ ಚೀಟಿ ನಡೆಯುವುದಿಲ್ಲ.

ಇನ್ನೊಂದು ಮಾತಿದೆ, ಬೇಸರಿಸಬೇಡಿ ತಂಗಿ. ನಿಮ್ಮ ಪ್ರಶ್ನೆಯಲ್ಲಿ ಅತ್ತೆಯವರ ಮಾತಿದೆ, ಗೆಳತಿಯ ಮಾತಿದೆ, ಗೈಡಿನ ಮಾತಿದೆ. ಯಜಮಾನರು ಏನು ಹೇಳುತ್ತಾರೆಂಬುದು ಒಂದು ಸಾಲೂ ಇಲ್ಲ.

ಉತ್ತರ 4: ಬಲ್ಮಠದ ಹಿರಿಯ

ವಿಜ್ಞಾನ ನನಗೆ ತಿಳಿಯದು. ಕೊಡೆಯ ಹೋಲಿಕೆಗೆ ಮಾತ್ರ ಉತ್ತರ ಕೊಡುತ್ತೇನೆ. ನೀವು ಹೋಗುವ ಊರಿನ ಮಿಷನಿನವರು ನಮ್ಮೂರಿಗೆ ಬಂದದ್ದು 1834ರಲ್ಲಿ. ಅವರ ಉದ್ದೇಶ ಬೇರೆ ಇತ್ತು, ಅದರ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಿದ್ದರೂ ಇರಲಿ. ಆದರೆ ಬಂದವರು ಇಲ್ಲಿಯ ಮಾತು ಕಲಿಯಲು ಕುಳಿತರು. 1843ರಲ್ಲಿ ಮೋಗ್ಲಿಂಗರು 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಇಲ್ಲಿಯೇ ಅಚ್ಚಾದವು. ಕಿಟ್ಟೆಲರು ಈ ನಾಡಿಗೆ ಬಂದದ್ದು 1853ರಲ್ಲಿ. ಎಷ್ಟು ವರ್ಷ ಇರುತ್ತೇವೆಂಬ ಲೆಕ್ಕ ಅವರಿಗೂ ಇದ್ದಿರಲಾರದು, ಜ್ವರಕ್ಕೆ ಸಿಕ್ಕಿ ಬೇಗ ಹೋದವರೂ ಅವರಲ್ಲಿ ಹಲವರು.

ಬಾಸೆಲಿನಲ್ಲಿ ಮಿಷನ್ ಬೀದಿಯ 21ನೆಯ ಸಂಖ್ಯೆಯ ಕಟ್ಟಡದಲ್ಲಿ ಅವರ ದಾಖಲೆಭಂಡಾರವಿದೆ, ಹಳೆಯ ಮಂಗಳೂರಿನ ಫೋಟೋಗಳಿವೆ. ಬಿಡುವಾದಾಗ ಹೋಗಿ ನೋಡಿ. ನಿಮ್ಮ ಮಾಡಿನ ಹೆಂಚಿನ ಕಾರ್ಖಾನೆ 1865ರಲ್ಲಿ ಶುರುವಾದದ್ದು. ಅದರ ಚಿತ್ರವೂ ಕಣ್ಣಿಗೆ ಬಿದ್ದೀತು.

ಮರುಮಾತು: ಮೂಡುಬಿದಿರೆಯವಳು

ಎಲ್ಲರಿಗೂ ಕೃತಜ್ಞತೆಗಳು. ಉಡುಪಿಯ ಅಕ್ಕ ಬರೆದ ಕೊನೆಯ ಸಾಲು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಮೊನ್ನೆ ರಾತ್ರಿ ಕೇಳಿದೆ. ಎರಡು ವರ್ಷವೂ ಬೇಡ, ಒಂಟಿಯಾಗಿಯೂ ಬೇಡ, ಮಾರ್ಚ್ ಕೊನೆಯಿಂದ ಆರು ತಿಂಗಳಿಗೆ ರಜೆ ಹಾಕಿ ಬರುತ್ತೇನೆ, ಆಮೇಲಿನದ್ದನ್ನು ಅಲ್ಲಿಯೇ ಕುಳಿತು ಮಾತಾಡೋಣ ಎಂದರು. ಅವರು ಕೇಳಿದ ಒಂದೇ ಪ್ರಶ್ನೆ, ಅಲ್ಲಿಯ ಅಡುಗೆಮನೆಯಲ್ಲಿ ಬಂಗುಡೆ ಕಾಯಿಸಿದರೆ ಪಕ್ಕದವರು ಚೀಟಿ ಅಂಟಿಸುತ್ತಾರೆಯೇ ಎಂಬುದು. ಫೆಲೋಶಿಪ್ಪಿನ 12 ತಿಂಗಳ ಷರತ್ತನ್ನು ಕ್ಯಾಲೆಂಡರಿನಲ್ಲಿ ಕೆಂಪಿನಲ್ಲಿ ಬರೆದಿದ್ದೇನೆ. ಮುಂದಿನ ವಾರ ದಂತವೈದ್ಯರಲ್ಲಿಗೆ ಹೋಗಲಿಕ್ಕಿದೆ.

ಒಂದು ಸಣ್ಣ ಸಂಶಯ ಉಳಿದಿದೆ. ನನ್ನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗದಲ್ಲಿ ಅಪ್ಪನ ಹೆಸರಿದೆ, ಯಜಮಾನರದ್ದರಲ್ಲಿ ಅವರ ಊರಿನ ಹೆಸರಿದೆ. ಅಂಚೆಪೆಟ್ಟಿಗೆಯ ಮೇಲೆ ಏನು ಬರೆಯುವುದು?

ಉತ್ತರ 5: ಮಣಿಪಾಲದಿಂದ

ಪರವಾನಗಿಯಲ್ಲಿ ಯಾವುದು ಕುಲನಾಮವೆಂದು ಬಂದಿದೆಯೋ ಅದನ್ನೇ ಬರೆಯಿರಿ, ಯಾಕೆಂದರೆ ಎಲ್ಲ ಪತ್ರಗಳೂ ಆ ಹೆಸರಿಗೇ ಬರುತ್ತವೆ. ನಿಮ್ಮ ತಂದೆಯವರ ಹೆಸರಿನ ಹಿಂದೆ 'ಶ್ರೀಮತಿ' ಸೇರಿಸಿ ಎಲ್ಲರೂ ನಿಮ್ಮನ್ನು ಕರೆಯುತ್ತಾರೆ. ಒಂದು ತಿಂಗಳಿನಲ್ಲಿ ಅಭ್ಯಾಸವಾಗುತ್ತದೆ. ಇಬ್ಬರ ಕುಲನಾಮ ಬೇರೆಬೇರೆಯಾಗಿರುವುದರಿಂದ ಎರಡನ್ನೂ ಮೇಲೆ ಕೆಳಗೆ ಬರೆಯಿರಿ, ಮನೆಯ ಕರೆಗಂಟೆಯ ಬಳಿಯೂ ಅದೇ ಕ್ರಮದಲ್ಲಿರಲಿ. ಅವರು ಬರುವುದು ಮಾರ್ಚಿನಲ್ಲಾದರೂ ಅವರ ಹೆಸರಿಗೆ ಕಾಗದಗಳು ಅದಕ್ಕೂ ಮೊದಲೇ ಬರಲು ಶುರುವಾಗಬಹುದು. ಸ್ವಂತ ಬಾಡಿಗೆಮನೆಯಾದರೆ ತಗಡಿನ ಫಲಕವನ್ನು ಮನೆ ನೋಡಿಕೊಳ್ಳುವವರೇ ಮಾಡಿಸುವುದುಂಟು, ಅದಕ್ಕೆ ಕೆಲವು ವಾರ ಹಿಡಿದೀತು. ಅಲ್ಲಿಯವರೆಗೆ ಪ್ರಯೋಗಾಲಯದ ಅಂಟುಚೀಟಿ ಸಾಕು. ಅಂಟಿಸುವ ಮೊದಲು ತಗಡಿನ ಮೇಲಿನ ತೇವ ಒರೆಸಿಕೊಳ್ಳಿ.

ಬಂಗುಡೆಯ ವಿಷಯದಲ್ಲಿ, ಹೊಗೆ ಎಳೆಯುವ ಪಂಖವಿದ್ದರೂ ಕಿಟಕಿ ತೆರೆದಿಟ್ಟು, ಭಾನುವಾರ ಬಿಟ್ಟು ಬೇರೆ ದಿನ ಕಾಯಿಸಿ.